ಬಂಡೆಗೆ ಕಿವಿಗೊಟ್ಟವರು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ. ಈ ನಾಲ್ಕು ತಾಲ್ಲೂಕುಗಳಲ್ಲಿ ಎಲ್ಲಿ ಗುದ್ದಲಿ ಹಾಕಿದರೂ ಹೆಚ್ಚು ಹೊತ್ತು ಹೋಗುವ ಮೊದಲೇ ಅದು ಬಂಡೆಗೆ ತಾಗುತ್ತದೆ. ಮೇಲೆ ಕೆಂಪು ಮಣ್ಣು, ಅದರಡಿ ಗರಸು, ಗರಸಿನಡಿ ಕಲ್ಲು. ಭೂವಿಜ್ಞಾನಿಗಳು ಪೂರ್ವ ಧಾರವಾಡ ಕ್ರೇಟಾನ್ ಎಂದು ಕರೆಯುವ ಈ ಗ್ರಾನೈಟ್ ಮತ್ತು ನೈಸ್ ಶಿಲೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕೆಲವಕ್ಕೆ ಇನ್ನೂ ಹೆಚ್ಚು. ನಂದಿಯ ಸುತ್ತಮುತ್ತಲಿನ ಬೆಟ್ಟಗಳಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ಹೊಳೆ ಇಲ್ಲಿ ಒಂದೂ ಇಲ್ಲ. ಮಳೆ ನೀರು ಬಂಡೆಯ ಮೇಲೆ ಜಾರಿ ಬೇರೆ ಸೀಮೆಗೆ ಹೋಗುತ್ತದೆ.

ಇಂಥ ನೆಲಕ್ಕೆ ವಿದ್ವಾಂಸರು ಯಾಕೆ ಬಂದರು? ಒಬ್ಬೊಬ್ಬರೂ ಬಂದದ್ದು ಒಂದೊಂದು ಪ್ರಶ್ನೆ ಹೊತ್ತು. ಕಲ್ಲಿನ ಮೇಲಿನ ಅಕ್ಷರ ಓದಲು ಬಂದವರಿದ್ದಾರೆ, ಸಾವಿರಾರು ಕಿಲೋಮೀಟರ್ ಆಚೆಯ ಅಣುಸ್ಫೋಟವನ್ನು ಹಿಡಿಯಲು ಬಂದವರಿದ್ದಾರೆ, ನಕ್ಷತ್ರಗಳ ನಡುವಿನ ಅನಿಲವನ್ನು ಹುಡುಕಿ ಬಂದವರಿದ್ದಾರೆ, ಕೊಳವೆಬಾವಿಯ ನೀರನ್ನು ಸೀಸೆಯಲ್ಲಿ ಹಿಡಿದು ಪ್ರಯೋಗಾಲಯಕ್ಕೆ ಒಯ್ದವರಿದ್ದಾರೆ. ಇತಿಹಾಸ, ಭೌತವಿಜ್ಞಾನ, ಕೃಷಿ, ಅರ್ಥಶಾಸ್ತ್ರ ಎಂದು ವಿಶ್ವವಿದ್ಯಾಲಯಗಳು ಇವನ್ನು ಬೇರೆ ಬೇರೆ ಕೊಠಡಿಗಳಲ್ಲಿ ಇಟ್ಟಿವೆ. ಕೊಠಡಿಗಳ ಗೋಡೆ ತೆಗೆದು ನೋಡಿದರೆ ಇವರೆಲ್ಲರ ಕೆಳಗೂ ಇರುವುದು ಅದೇ ಬಂಡೆ.

ಗೌರಿಬಿದನೂರು, ಸಂಖ್ಯೆ 6

ಮೊದಲು ಬಂದವರು ಅಕ್ಷರ ಓದುವವರು. ಬೆಂಜಮಿನ್ ಲೂಯಿ ರೈಸ್ 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದವರು, ಪಾದ್ರಿಯೊಬ್ಬರ ಮಗ. ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ದುಡಿದು, ಮುಂದೆ ಪುರಾತತ್ವ ಸಂಶೋಧನೆಯ ಹೊಣೆ ಹೊತ್ತರು. ಅವರ ಕೈಕೆಳಗಿನ ಪಂಡಿತರು ಮತ್ತು ನಕಲುಗಾರರು ತಾಲ್ಲೂಕು ತಾಲ್ಲೂಕು ತಿರುಗಿದರು. ಗದ್ದೆಯ ಬದುವಿನಲ್ಲಿ, ಕೆರೆ ಏರಿಯ ಮೇಲೆ, ಗುಡಿಯ ಗೋಡೆಯಲ್ಲಿ, ಬಯಲಿನ ಹಾಸುಬಂಡೆಯಲ್ಲಿ ಎಲ್ಲಿ ಅಕ್ಷರ ಕಂಡರೂ ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದರು. ಕಾಗದ ಅಕ್ಷರದ ಗುಳಿಗೆ ಇಳಿದ ಮೇಲೆ ಮಸಿ ಸವರಿದರೆ ಬಂಡೆಯ ಮೈ ಕಪ್ಪಾಗಿ, ಅಕ್ಷರ ಬಿಳಿಯಾಗಿ ಎದ್ದು ಬರುತ್ತದೆ. ಇದು ಪಡಿಯಚ್ಚು. ಕಲ್ಲನ್ನು ಊರಲ್ಲೇ ಬಿಟ್ಟು ಮಾತನ್ನು ಮಾತ್ರ ಬೆಂಗಳೂರಿಗೆ ಒಯ್ಯುವ ವಿಧಾನ.

ಹೀಗೆ ಕೂಡಿಸಿದ ಸುಮಾರು 9 ಸಾವಿರ ಶಾಸನಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12 ಸಂಪುಟಗಳಾದವು. ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ, 1905ರಲ್ಲಿ ಪ್ರಕಟವಾಯಿತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ಅಲ್ಲಿಯವರೆಗೆ ಈ ನಾಲ್ಕೂ ತಾಲ್ಲೂಕು ಕೋಲಾರಕ್ಕೇ ಸೇರಿದ್ದವು. ರೈಸ್ ಶಾಸನಗಳನ್ನು ರಾಜವಂಶದ ಕ್ರಮದಲ್ಲಿ ಜೋಡಿಸಲಿಲ್ಲ. ತಾಲ್ಲೂಕಿನ ಹೆಸರು, ಮುಂದೊಂದು ಸಂಖ್ಯೆ, ಅಷ್ಟೇ. ಹಾಗಾಗಿ ಇಂದಿಗೂ ಇತಿಹಾಸಕಾರರಿಗೆ ಈ ತಾಲ್ಲೂಕುಗಳು ಶಾಸನಗಳ ವಿಳಾಸಗಳೇ.

ಆ ವಿಳಾಸಗಳಲ್ಲಿ ಒಂದು ಗೌರಿಬಿದನೂರು 6. ಊರು ಕಲ್ಲೂಡಿ, ಕಾಲ 1388. ವಿಜಯನಗರದ ಎರಡನೇ ಹರಿಹರನ ಮಗ ಪ್ರತಾಪ ಬುಕ್ಕರಾಯ ಆಗ ಪೆನುಗೊಂಡೆಯಲ್ಲಿದ್ದ. ಜನರ ಬಾಳಿಗೆ ನೀರೇ ಆಧಾರವೆಂದು ಬಗೆದು, ಹೆನ್ನೆ ಹೊಳೆಯನ್ನು, ಅಂದರೆ ಉತ್ತರ ಪಿನಾಕಿನಿಯನ್ನು, ಪೆನುಗೊಂಡೆಗೆ ತರಬೇಕೆಂದು ತುಂಬಿದ ಸಭೆಯಲ್ಲಿ ಅಪ್ಪಣೆ ಮಾಡಿದ. ಅಪ್ಪಣೆ ಪಡೆದವನು ಸಿಂಗಯ ಭಟ್ಟ. ಅವನು ಕಾಲುವೆ ತೋಡಿಸಿ ಸಿರುವರದ ಕೆರೆಗೆ ನೀರು ಹರಿಸಿದ, ಕಾಲುವೆಗೆ ರಾಜಕುಮಾರನ ಹೆಸರಿಟ್ಟ, ಆಮೇಲೆ ಶಾಸನ ಬರೆಸಿದ.

ದಾನ ಕೊಟ್ಟ ರಾಜನ ಹೆಸರು, ಪಡೆದ ಬ್ರಾಹ್ಮಣನ ಹೆಸರು, ಗೋವು ಕಾದು ಸತ್ತ ವೀರನ ಹೆಸರು ಕಲ್ಲಿನ ಮೇಲೆ ಸಿಗುವುದು ಹೊಸದೇನಲ್ಲ. ನೀರಿನ ಮಟ್ಟ ಹಿಡಿದು ಕಾಲುವೆ ಎಳೆದ ಎಂಜಿನಿಯರನ ಹೆಸರು ಸಿಗುವುದು ಅಪರೂಪ. ಸಿಂಗಯ ಭಟ್ಟನನ್ನು ಶಾಸನ ಜಲಸೂತ್ರದಲ್ಲಿ ನಿಪುಣನೆಂದು ಹೊಗಳುತ್ತದೆ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ಇರುವ ಈ ಸೀಮೆಯಲ್ಲಿ, ಅವರಿಗಿಂತ ಸುಮಾರು 470 ವರ್ಷ ಮೊದಲೇ ಒಬ್ಬ ನೀರಿನ ಎಂಜಿನಿಯರ್ ಹೆಸರು ಮಾಡಿದ್ದ ಎಂದು ತಿಳಿದದ್ದು ಒದ್ದೆ ಕಾಗದ ಮತ್ತು ಮಸಿಯಿಂದ.

ಆ ಸಂಪುಟ ತೆರೆದಿಟ್ಟದ್ದು ರಾಜರ ಕತೆಯನ್ನಷ್ಟೇ ಅಲ್ಲ. ಕೆರೆ ಕಟ್ಟಿದವನಿಗೆ, ಒಡೆದ ಏರಿಯನ್ನು ಸರಿಪಡಿಸಿದವನಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಪಾಲು ಸಲ್ಲುತ್ತಿತ್ತು. ಬಿತ್ತುವಟ, ಕಟ್ಟುಗೊಡಗೆ, ದಶವಂದ ಎಂದು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಹೆಸರು. ಬಂಡೆ ನೀರನ್ನು ಕುಡಿಯುವುದಿಲ್ಲ, ಆದ್ದರಿಂದ ಅದನ್ನು ಮೇಲೆಯೇ ತಡೆದು ನಿಲ್ಲಿಸಬೇಕು. ತಡೆಯುವ ಕೆಲಸಕ್ಕೆ ಕೂಲಿ ಬೇಕು. ಕೂಲಿ ಆ ನೀರಿನಿಂದಲೇ ಹುಟ್ಟಬೇಕು. ಊರಿನ ಅರ್ಥಶಾಸ್ತ್ರವೆಲ್ಲ ಇಷ್ಟರಲ್ಲಿ ಅಡಗಿತ್ತು. ಕೆರೆಯನ್ನು ನೋಡಿಕೊಳ್ಳುವವನಿಗೆ ಕೆರೆಯೇ ಸಂಬಳ ಕೊಡುತ್ತಿತ್ತು.

ನೇರ ಉತ್ತರಕ್ಕೆ 4 ಸಾವಿರ ಕಿಲೋಮೀಟರ್

ಎರಡನೆಯ ತಂಡ ಬಂದದ್ದು 1960ರ ದಶಕದಲ್ಲಿ. ಅವರಿಗೆ ಬೇಕಾಗಿದ್ದದ್ದು ಬಂಡೆಯ ಮೇಲಿನ ಅಕ್ಷರವಲ್ಲ, ಬಂಡೆಯ ಮೌನ.

1958ರಲ್ಲಿ ಜಿನೀವಾದಲ್ಲಿ ಪೂರ್ವ ಪಶ್ಚಿಮ ಎರಡೂ ಬಣಗಳ ತಜ್ಞರು ಕೂತು ಒಂದು ಪ್ರಶ್ನೆ ಚರ್ಚಿಸಿದರು: ಯಾರಾದರೂ ಕದ್ದು ಅಣುಬಾಂಬ್ ಪರೀಕ್ಷಿಸಿದರೆ ಕಂಡುಹಿಡಿಯುವುದು ಹೇಗೆ? 1963ರಲ್ಲಿ ಅಮೆರಿಕ, ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ ಒಪ್ಪಂದ ವಾತಾವರಣ, ಬಾಹ್ಯಾಕಾಶ ಮತ್ತು ಸಮುದ್ರದಡಿಯ ಪರೀಕ್ಷೆಗಳನ್ನು ನಿಷೇಧಿಸಿತು. ಭೂಗರ್ಭದ ಪರೀಕ್ಷೆಯನ್ನು ಬಿಟ್ಟಿತು. ಬಿಟ್ಟದ್ದಕ್ಕೆ ಒಂದು ಕಾರಣ, ಅದನ್ನು ದೂರದಿಂದ ಖಚಿತವಾಗಿ ಗುರುತಿಸುವ ಬಗೆ ಯಾರಿಗೂ ಗೊತ್ತಿರಲಿಲ್ಲ. ನೆಲದಡಿ ಬಾಂಬ್ ಸಿಡಿದರೂ ನೆಲ ನಡುಗುತ್ತದೆ, ಭೂಕಂಪವಾದರೂ ನಡುಗುತ್ತದೆ. ಯಾವುದು ಯಾವುದು?

ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ಒಂದು ಉಪಾಯ ಹೂಡಿತು. ಒಂದೇ ಕಂಪನಮಾಪಕವನ್ನು ಇಡುವ ಬದಲು ಇಪ್ಪತ್ತನ್ನು ಕಿಲೋಮೀಟರುಗಟ್ಟಲೆ ಉದ್ದಕ್ಕೆ ಸಾಲಾಗಿ ಹೂಳುವುದು. ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೋನೈಫ್, ಆಸ್ಟ್ರೇಲಿಯಾದ ವಾರಮುಂಗದಲ್ಲಿ ಇಂಥ ಸರಣಿಗಳು ಎದ್ದವು. ಭಾರತದಲ್ಲಿ ಹೋಮಿ ಭಾಭಾ ಅವರ ನೇತೃತ್ವದ ಅಣುಶಕ್ತಿ ಇಲಾಖೆ ಕೈಜೋಡಿಸಿತು. ಜಾಗ ಗೌರಿಬಿದನೂರು, ವರ್ಷ 1965. ಆ ಇಲಾಖೆಯ ಟ್ರಾಂಬೆ ಸಂಸ್ಥೆಗೆ ಭಾಭಾ ಹೆಸರು ಇನ್ನೂ ಬಂದಿರಲಿಲ್ಲ. ಅವರು ತೀರಿಕೊಂಡ ಮರು ವರ್ಷ, 1967ರಲ್ಲಿ, ಅದು ಭಾಭಾ ಅಣು ಸಂಶೋಧನಾ ಕೇಂದ್ರವಾಯಿತು.

ಈ ಊರನ್ನೇ ಯಾಕೆ ಆರಿಸಿದರು ಎಂಬುದಕ್ಕೆ ಭೂಪಟ ನೋಡಿದರೆ ಸಾಕು. ಗಟ್ಟಿ ಬಂಡೆ ಅಲೆಯನ್ನು ಕೆಡಿಸದೆ ಒಯ್ಯುತ್ತದೆ. ಮರಳು, ಮೆಕ್ಕಲು ಮಣ್ಣು ಅದನ್ನು ಕಲಕಿಬಿಡುತ್ತವೆ. ಸಮುದ್ರದ ಅಲೆಗಳ ಬಡಿತ ನೆಲದಲ್ಲಿ ಸದಾ ಸಣ್ಣ ನಡುಕ ಎಬ್ಬಿಸುತ್ತದೆ. ಈ ಊರು ಎರಡೂ ಕರಾವಳಿಗಳಿಂದ ದೂರ. ಭಾರಿ ಕಾರ್ಖಾನೆಗಳ ಗದ್ದಲವೂ ಕಡಿಮೆ. ಇನ್ನೊಂದು ಅನುಕೂಲ ಅಕ್ಷಾಂಶ ರೇಖಾಂಶದ್ದು. ಗೌರಿಬಿದನೂರಿನಿಂದ ನೇರ ಉತ್ತರಕ್ಕೆ ಗೆರೆ ಎಳೆದರೆ ಸುಮಾರು 4 ಸಾವಿರ ಕಿಲೋಮೀಟರ್ ಆಚೆ ಸೋವಿಯತ್ ಒಕ್ಕೂಟದ ಸೆಮಿಪಲಾಟಿನ್ಸ್ಕ್ ಪರೀಕ್ಷಾ ನೆಲೆ. ಅಲ್ಲಿನ ಸ್ಫೋಟದ ಮೊದಲ ಅಲೆ ಹಿಮಾಲಯದ ಕೆಳಗೆ, ಭೂಮಿಯ ಮ್ಯಾಂಟಲಿನೊಳಗೆ ಬಾಗಿ ಹರಿದು ಸುಮಾರು ಏಳು ನಿಮಿಷದಲ್ಲಿ ಇಲ್ಲಿಗೆ ಮುಟ್ಟುತ್ತದೆ. ಚೀನಾದ ಲೋಪ್ ನೂರ್ ಇನ್ನೂ ಹತ್ತಿರ.

ಸರಣಿಯ ಆಕಾರ ಇಂಗ್ಲಿಷಿನ ಎಲ್ ಅಕ್ಷರದ್ದು. ಎರಡು ತೋಳು, ಪ್ರತಿ ತೋಳಿನಲ್ಲಿ ಹತ್ತು ಮಾಪಕ, ಒಂದೊಂದು ತೋಳಿನ ಉದ್ದ ಸುಮಾರು 25 ಕಿಲೋಮೀಟರ್. ಹೊಲಗದ್ದೆಗಳ ನಡುವೆ ಗುಂಡಿ ತೋಡಿ, ಬಂಡೆಗೆ ಆನಿಸಿ ಇಟ್ಟ ಮಾಪಕಗಳ ಸಂಕೇತಗಳೆಲ್ಲ ಒಂದು ಕೇಂದ್ರಕ್ಕೆ ಬಂದು ಕಾಂತೀಯ ಟೇಪಿನಲ್ಲಿ ದಾಖಲಾಗುತ್ತಿದ್ದವು. ಒಂದು ಅಲೆ ಉತ್ತರದಿಂದ ಬಂದರೆ ಉತ್ತರ ತುದಿಯ ಮಾಪಕ ಮೊದಲು ಅಲುಗುತ್ತದೆ, ದಕ್ಷಿಣದ್ದು ಆಮೇಲೆ. ಆ ಅಂತರ ಸೆಕೆಂಡಿನ ಭಾಗಗಳಲ್ಲಿ ಇರುತ್ತದೆ, ಹೆಚ್ಚೆಂದರೆ ಕೆಲವು ಸೆಕೆಂಡು. ಅದರಿಂದಲೇ ಅಲೆ ಯಾವ ದಿಕ್ಕಿನಿಂದ, ಎಷ್ಟು ಕಡಿದಾಗಿ ಬಂತು ಎಂದು ಲೆಕ್ಕ ಹಾಕಬಹುದು. ಕಡಿದಾಗಿ ಕೆಳಗಿನಿಂದ ಬಂದದ್ದು ಬಹಳ ದೂರದ್ದು; ಓರೆಯಾಗಿ ಬಂದದ್ದು ಹತ್ತಿರದ್ದು.

ಇನ್ನೂ ಜಾಣತನದ ಕೆಲಸವೊಂದಿದೆ. ಇಪ್ಪತ್ತೂ ದಾಖಲೆಗಳನ್ನು ಆ ಅಂತರದಷ್ಟು ಹಿಂದೆ ಮುಂದೆ ಸರಿಸಿ ಒಂದರ ಮೇಲೊಂದು ಕೂಡಿಸುವುದು. ನಿಜವಾದ ಅಲೆ ಇಪ್ಪತ್ತರಲ್ಲೂ ಒಂದೇ ತರಹ ಇರುವುದರಿಂದ ಕೂಡಿದಂತೆಲ್ಲ ಬೆಳೆಯುತ್ತದೆ. ಗಾಳಿಗೆ ಅಲುಗಿದ ಮರ, ಎತ್ತಿನ ಗಾಡಿ, ಪಂಪ್‌ಸೆಟ್ಟು ಎಬ್ಬಿಸಿದ ನಡುಕ ಒಂದೊಂದು ಮಾಪಕದಲ್ಲಿ ಒಂದೊಂದು ತರಹ; ಅವು ಪರಸ್ಪರ ಕಳೆದುಹೋಗುತ್ತವೆ. ಇಪ್ಪತ್ತು ಮಾಪಕಗಳನ್ನು ಹೀಗೆ ಕೂಡಿಸಿದರೆ ಸಂಕೇತ ಗದ್ದಲಕ್ಕಿಂತ ಸುಮಾರು ನಾಲ್ಕೂವರೆ ಪಟ್ಟು ಹೆಚ್ಚು ಸ್ಪಷ್ಟವಾಗುತ್ತದೆ.

ಸ್ಫೋಟವನ್ನು ಭೂಕಂಪದಿಂದ ಬೇರ್ಪಡಿಸುವ ಸೂತ್ರಗಳೂ ಇಂಥ ಸರಣಿಗಳ ದಾಖಲೆಗಳಿಂದ ಗಟ್ಟಿಯಾದವು. ಬಾಂಬ್ ಸುತ್ತಲಿನ ಕಲ್ಲನ್ನು ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪದಲ್ಲಿ ಎರಡು ಬಂಡೆಗಳು ಒಂದರ ಮೇಲೊಂದು ಜಾರುತ್ತವೆ, ಆದ್ದರಿಂದ ಕೆಲವು ದಿಕ್ಕಿಗೆ ತಳ್ಳು, ಕೆಲವು ದಿಕ್ಕಿಗೆ ಎಳೆತ. ಭೂಮಿಯ ಒಳಗಿಂದ ಬರುವ ಮೊದಲ ಅಲೆ ಎರಡರಲ್ಲೂ ಒಂದೇ ಬಲದ್ದಾಗಿದ್ದರೂ, ನೆಲದ ಮೇಲ್ಮೈಯಲ್ಲಿ ಹರಡುವ ಉದ್ದನೆಯ ಅಲೆ ಸ್ಫೋಟದಲ್ಲಿ ಸಾಮಾನ್ಯವಾಗಿ ದುರ್ಬಲ.

ಬಾಂಬ್ ಹುಡುಕಲು ಇಟ್ಟ ಉಪಕರಣ ತಾನು ಕೂತ ನೆಲವನ್ನೂ ಅಳೆಯಿತು. ಗೌರಿಬಿದನೂರಿನ ಸುತ್ತಲಿನ ಭೂಚಿಪ್ಪಿನ ಬಗ್ಗೆ ಎಸ್. ಕೆ. ಅರೋರಾ 1971ರಲ್ಲಿ ಅಮೆರಿಕದ ಭೂಕಂಪಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಹತ್ತಿರದ ಕಂಪನಗಳ ಅಲೆಗಳು ಎಷ್ಟು ದೂರಕ್ಕೆ ಎಷ್ಟು ಸಮಯ ತೆಗೆದುಕೊಂಡವು ಎಂದು ಗುರುತು ಹಾಕುತ್ತ ಹೋದರೆ ಗೆರೆ ಒಂದೆಡೆ ಮುರಿದು ವೇಗ ಹೆಚ್ಚುತ್ತದೆ. ಅಲೆ ಆಳದ ಬೇರೊಂದು ಪದರ ಹೊಕ್ಕಿದೆ ಎಂದು ಅದರ ಅರ್ಥ. ಈ ಲೆಕ್ಕದಿಂದ ಕಂಡದ್ದು: ಇಲ್ಲಿನ ಚಿಪ್ಪು ಎರಡು ಪದರದ್ದು, ಒಟ್ಟು ದಪ್ಪ ಸುಮಾರು 35 ಕಿಲೋಮೀಟರ್, ಅದರ ಕೆಳಗೆ ಅಲೆಯ ವೇಗ ಸೆಕೆಂಡಿಗೆ ಸುಮಾರು 8 ಕಿಲೋಮೀಟರ್. ರೈತನ ಗುದ್ದಲಿ ತಾಗಿದ ಬಂಡೆ ಎಲ್ಲಿಯವರೆಗೆ ಇದೆ ಎಂಬ ಪ್ರಶ್ನೆಗೆ ಅಂಕಿಯಲ್ಲಿ ಉತ್ತರ ಸಿಕ್ಕಿತು.

1998ರ ಮೇ 28ರಂದು ಪಾಕಿಸ್ತಾನ ಚಾಗೈ ಪ್ರದೇಶದಲ್ಲಿ ಅಣುಪರೀಕ್ಷೆ ನಡೆಸಿದಾಗ ಆ ನಡುಕ ಸುಮಾರು 2,100 ಕಿಲೋಮೀಟರ್ ಹಾದು ಐದು ನಿಮಿಷದೊಳಗೆ ಈ ಸರಣಿಗೆ ಬಂತು. ಅದೇ ತಿಂಗಳ 11ರಂದು ಪೋಖ್ರಣ್‌ನಲ್ಲಿ ಭಾರತವೇ ಪರೀಕ್ಷೆ ನಡೆಸಿತ್ತು. ಪೋಖ್ರಣ್ ಸ್ಫೋಟದ ಬಲ ಎಷ್ಟು ಎಂಬ ವಾದಕ್ಕೆ ದೇಶವಿದೇಶಗಳ ತಜ್ಞರು ಕಂಪನದ ದಾಖಲೆಗಳನ್ನೇ ಸಾಕ್ಷಿಯಾಗಿ ಹಿಡಿದರು. ಬೇರೆ ದೇಶದ ಗುಟ್ಟು ಬಯಲು ಮಾಡುವ ವಿದ್ಯೆ ತನ್ನ ಮನೆಯ ಲೆಕ್ಕವನ್ನೂ ಕೇಳಿತು.

ಸಾವಿರ ಡೈಪೋಲುಗಳ ಬಯಲು

ಕಂಪನಮಾಪಕಗಳ ಸರಣಿ ಬಂದ ಹತ್ತು ವರ್ಷದ ನಂತರ, ಅದೇ ತಾಲ್ಲೂಕಿನ ಕೋಟಾಲದಿನ್ನೆಯ ಬಳಿ ಇನ್ನೊಂದು ಸರಣಿ ಎದ್ದಿತು. ಇದು ಮೇಲೆ ನೋಡುವಂಥದ್ದು.

ವಿ. ರಾಧಾಕೃಷ್ಣನ್ ಅವರ ನೇತೃತ್ವದ ರಾಮನ್ ಸಂಶೋಧನಾ ಸಂಸ್ಥೆ ಮತ್ತು ವೈನು ಬಪ್ಪು ಅವರ ನೇತೃತ್ವದ ಭಾರತೀಯ ಖಭೌತ ಸಂಸ್ಥೆ ಕೂಡಿ 1970ರ ದಶಕದ ನಡುವಿನಲ್ಲಿ ಕಟ್ಟಿದ ರೇಡಿಯೊ ದೂರದರ್ಶಕವಿದು. ಅದರ ಹಿಂದೆ ನಿಂತು ದುಡಿದವರು ಸಿಎಚ್. ವಿ. ಶಾಸ್ತ್ರಿ. ಸಾಮಾನ್ಯವಾಗಿ ಕಲ್ಪಿಸಿಕೊಳ್ಳುವ ಬೋಗುಣಿ ಆಂಟೆನಾ ಇಲ್ಲಿಲ್ಲ. ಬಯಲಿನಲ್ಲಿ ಸಾಲಾಗಿ ನಿಲ್ಲಿಸಿದ ಒಂದು ಸಾವಿರ ಡೈಪೋಲ್‌ಗಳು, ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ. ಪೂರ್ವ ಪಶ್ಚಿಮ ತೋಳಿನ ಉದ್ದ ಸುಮಾರು 1.4 ಕಿಲೋಮೀಟರ್, ಅಲ್ಲಿ 640. ದಕ್ಷಿಣಕ್ಕೆ ಚಾಚಿದ ತೋಳು ಸುಮಾರು 450 ಮೀಟರ್, ಅಲ್ಲಿ 360. ಕೇಳುವ ಆವರ್ತನ 34.5 ಮೆಗಾಹರ್ಟ್ಸ್, ಅಲೆಯ ಉದ್ದ 8.7 ಮೀಟರ್.

ಕೆಲಸ ಮಾಡುವ ಸೂತ್ರ ಮಾತ್ರ ನೆಲದೊಳಗಿನ ಸರಣಿಯದ್ದೇ. ಆಕಾಶದ ಒಂದು ಮೂಲೆಯಿಂದ ಬಂದ ಅಲೆ ಸಾವಿರ ಡೈಪೋಲ್‌ಗಳನ್ನು ಒಂದೇ ಕ್ಷಣಕ್ಕೆ ತಾಗುವುದಿಲ್ಲ. ಆ ಅಂತರವನ್ನು ಸರಿದೂಗಿಸಿ ಎಲ್ಲವನ್ನೂ ಕೂಡಿಸಿದರೆ ದೂರದರ್ಶಕ ಆ ಮೂಲೆಗೆ ತಿರುಗಿದಂತಾಗುತ್ತದೆ. ಒಂದು ಕಂಬವನ್ನೂ ಅಲುಗಿಸಬೇಕಾಗಿಲ್ಲ. ಭೂಕಂಪಶಾಸ್ತ್ರ ಮತ್ತು ಖಗೋಳಶಾಸ್ತ್ರ ಎಂಬ ದೂರದ ಎರಡು ಶಾಸ್ತ್ರಗಳು ಒಂದೇ ತಾಲ್ಲೂಕಿನಲ್ಲಿ ಒಂದೇ ಗಣಿತ ಹಿಡಿದು ಕೂತಿದ್ದವು.

ಇಷ್ಟು ಕಡಿಮೆ ಆವರ್ತನದಲ್ಲಿ ಕೇಳುವುದು ಕಷ್ಟದ ಕೆಲಸ. ಭೂಮಿಯ ಅಯಾನುಗೋಳ ಈ ಅಲೆಗಳನ್ನು ಬಾಗಿಸುತ್ತದೆ, ಕುಣಿಸುತ್ತದೆ. ದೂರದ ರೇಡಿಯೊ ಕೇಂದ್ರಗಳ ಪ್ರಸಾರ ಅಯಾನುಗೋಳಕ್ಕೆ ಬಡಿದು ಮರಳಿ ಬಂದು ಆಕಾಶದ ಸದ್ದನ್ನು ಮುಚ್ಚುತ್ತದೆ. ಹಾಗಾಗಿ ರಾತ್ರಿಯ ಹೊತ್ತು, ಸೂರ್ಯನ ಚಟುವಟಿಕೆ ಇಳಿದಿರುವ ವರ್ಷಗಳು ಅಮೂಲ್ಯ. ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ ಈ ದೂರದರ್ಶಕದಿಂದ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಅಳೆದು ಜೋಡಿಸಿ 1990ರಲ್ಲಿ ನಕ್ಷೆಯೊಂದನ್ನು ಪ್ರಕಟಿಸಿದರು. ದಕ್ಷಿಣದ 50 ಡಿಗ್ರಿಯಿಂದ ಉತ್ತರದ 70 ಡಿಗ್ರಿವರೆಗಿನ ಆಕಾಶ 34.5 ಮೆಗಾಹರ್ಟ್ಸ್‌ನಲ್ಲಿ ಹೇಗೆ ಕಾಣುತ್ತದೆ ಎಂಬುದರ ಚಿತ್ರ ಅದು. ಪಲ್ಸಾರ್‌ಗಳ ಮಿಡಿತವನ್ನೂ ಇಲ್ಲಿ ದಾಖಲಿಸಿದರು. ಮುಂದೆ 1997ರಲ್ಲಿ ಸೂರ್ಯನ ಹೊರ ವಾತಾವರಣವನ್ನು ನೋಡಲೆಂದೇ ಪಕ್ಕದಲ್ಲಿ ರೇಡಿಯೊ ಹೀಲಿಯೋಗ್ರಾಫ್ ಬಂತು.

ಇಲ್ಲಿನ ಹುಡುಕಾಟಗಳಲ್ಲಿ ಅಚ್ಚರಿಯದು ಇಂಗಾಲದ ಪರಮಾಣುವಿನದು. 1980ರಲ್ಲಿ ಉಕ್ರೇನಿನ ಖಾರ್ಕಿವ್ ಬಳಿಯ ದೂರದರ್ಶಕದಿಂದ ಕೊನೊವಲೆಂಕೊ ಮತ್ತು ಸೋಡಿನ್ ಒಂದು ಸುದ್ದಿ ಪ್ರಕಟಿಸಿದರು. ಕ್ಯಾಸಿಯೋಪಿಯಾದಲ್ಲಿ ಸಿಡಿದ ನಕ್ಷತ್ರವೊಂದರ ಅವಶೇಷದ ಎದುರು 26 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಒಂದು ಮಸುಕು ಗೆರೆ, ಯಾವುದೋ ಅನಿಲ ಅಲೆಯನ್ನು ಹೀರಿಕೊಂಡ ಗುರುತು. ಅವರು ಅದನ್ನು ಸಾರಜನಕದ್ದೆಂದು ತಿಳಿದರು. ಬ್ಲೇಕ್, ಕ್ರಚರ್ ಮತ್ತು ವಾಟ್ಸನ್ ಅದೇ ವರ್ಷ ಬೇರೆ ಲೆಕ್ಕ ಮುಂದಿಟ್ಟರು: ಇದು ಇಂಗಾಲ, ಆದರೆ ನಂಬಲಾರದಷ್ಟು ಉಬ್ಬಿದ ಇಂಗಾಲ. ಅದರ ಹೊರಗಿನ ಇಲೆಕ್ಟ್ರಾನ್ ಆರುನೂರರ ಆಚೆಯ ಕಕ್ಷೆಯಲ್ಲಿದೆ.

ಹೊಸ ಮಾತು ನಿಜವೋ ಅಲ್ಲವೋ ಎಂದು ನೋಡಲು ದಾರಿಯಿತ್ತು. ಇಂಗಾಲವಾದರೆ 34.5 ಮೆಗಾಹರ್ಟ್ಸ್ ಹತ್ತಿರವೂ ಗೆರೆ ಸಿಗಬೇಕು, 575ರ ಆಸುಪಾಸಿನ ಕಕ್ಷೆಗಳಿಂದ. ಗೌರಿಬಿದನೂರಿನ ದೂರದರ್ಶಕ ಕೂತದ್ದು ಸರಿಯಾಗಿ ಅಲ್ಲೇ. ರಾಮನ್ ಸಂಸ್ಥೆಯ ಕೆ. ಆರ್. ಅನಂತರಾಮಯ್ಯ ಮತ್ತು ಎನ್. ಜಿ. ಕಾಂತಾರಿಯಾ ಕ್ಯಾಸಿಯೋಪಿಯಾ ದಿಕ್ಕಿನಲ್ಲೂ ನಮ್ಮ ಆಕಾಶಗಂಗೆಯ ಒಳಭಾಗದ ಹಲವು ದಿಕ್ಕುಗಳಲ್ಲೂ ಈ ಗೆರೆಗಳನ್ನು ಹಿಡಿದರು. ಅವರು ಊಟಿಯ ದೂರದರ್ಶಕದಲ್ಲಿ 328 ಮೆಗಾಹರ್ಟ್ಸ್ ಸುತ್ತ ಹುಡುಕಿದಾಗ ಅಂಥದೇ ಇಂಗಾಲ ಮಸುಕಾಗಿ ಕಾಣುವ ಬದಲು ಬೆಳಗಿತು. ಕಡಿಮೆ ಆವರ್ತನದಲ್ಲಿ ಹೀರುವ ಅನಿಲ ಹೆಚ್ಚಿನ ಆವರ್ತನದಲ್ಲಿ ಸೂಸುತ್ತದೆ. ಆ ತಿರುವು ಎಲ್ಲಿ ಬರುತ್ತದೆ ಎಂಬುದರಿಂದ ನಕ್ಷತ್ರಗಳ ನಡುವಿನ ಅನಿಲ ಎಷ್ಟು ತಣ್ಣಗಿದೆ, ಎಷ್ಟು ತೆಳುವಾಗಿದೆ ಎಂದು ಅಂದಾಜಿಸಬಹುದು.

575ನೇ ಕಕ್ಷೆಯ ಇಂಗಾಲದ ಪರಮಾಣುವಿನ ಅಗಲ ಸುಮಾರು 35 ಮೈಕ್ರಾನ್. ಮಾಮೂಲಿ ಇಂಗಾಲಕ್ಕಿಂತ ಎರಡು ಲಕ್ಷ ಪಟ್ಟಿಗೂ ದೊಡ್ಡದು. ಶಿಡ್ಲಘಟ್ಟದಲ್ಲಿ ಗೂಡು ಬೇಯಿಸಿ ಬಿಚ್ಚುವ ಒಂಟಿ ರೇಷ್ಮೆ ಎಳೆಗಿಂತ ಆ ಒಂದು ಪರಮಾಣು ತುಸು ದಪ್ಪ. ಭೂಮಿಯ ಮೇಲೆ ಅದು ಕ್ಷಣವೂ ಉಳಿಯದು, ಪಕ್ಕದ ಪರಮಾಣು ತಾಗಿ ಒಡೆಯುತ್ತದೆ. ನಕ್ಷತ್ರಗಳ ನಡುವಿನ ಖಾಲಿಯಲ್ಲಿ ಮಾತ್ರ ಅಷ್ಟು ಉಬ್ಬಿ ಬದುಕಲು ಎಡೆಯಿದೆ.

ಸಾವಿರ ಅಡಿ ಕೆಳಗೆ

ಕೋಟಾಲದಿನ್ನೆಯ ದೂರದರ್ಶಕ ಆಕಾಶದ ನಕ್ಷೆ ಬರೆಯುತ್ತಿದ್ದ ಕಾಲದಲ್ಲೇ ಸುತ್ತಲಿನ ಹೊಲಗಳಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. ಅದಕ್ಕೆ ವಿಜ್ಞಾನಿ ಇರಲಿಲ್ಲ. ರಿಗ್ ಲಾರಿ ಇತ್ತು.

ಮಳೆ ನೆಚ್ಚಿ ರಾಗಿ ಹಾಕಿದರೆ ವರ್ಷಕ್ಕೊಂದು ಬೆಳೆ. ಹಿಪ್ಪುನೇರಳೆಗೆ ನೀರು ಕೊಟ್ಟರೆ ವರ್ಷಕ್ಕೆ ಐದಾರು ಸಲ ರೇಷ್ಮೆ ಹುಳು ಮೇಯಿಸಬಹುದು. ಚಾಕಿ ಹುಳು ತಂದು, ನಾಲ್ಕು ಜ್ವರ ದಾಟಿಸಿ, ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕಿದರೆ ಕೈಗೆ ಕಾಸು. ಒಂದು ತಿಂಗಳ ಆಚೀಚೆ ಮುಗಿಯುವ ಸುತ್ತು. ಮಕ್ಕಳ ಫೀಸು, ಸೊಸೈಟಿ ಸಾಲದ ಕಂತು, ಅಂಗಡಿ ಬಾಕಿ ಇವುಗಳಿಗೆ ರಾಗಿ ಕಾಯಿಸುತ್ತದೆ, ಗೂಡು ಕಾಯಿಸುವುದಿಲ್ಲ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಕೊಟ್ಟ ವಿ-1 ತಳಿ ಸೊಪ್ಪನ್ನು ಇನ್ನೂ ಹೆಚ್ಚಿಸಿತು. ಹೆಚ್ಚು ಸೊಪ್ಪು ಅಂದರೆ ಹೆಚ್ಚು ನೀರು. ಹಣ ಬರುವ ಈ ಲಯವೇ ರೈತನನ್ನು ಬೋರ್ ಕೊರೆಸಲು ಹಚ್ಚಿತು. ಅದನ್ನು ಬರಿಯ ದುರಾಸೆ ಎನ್ನುವವರಿಗೆ ಬಂಡೆಯೂ ಗೊತ್ತಿಲ್ಲ, ಮನೆ ಖರ್ಚೂ ಗೊತ್ತಿಲ್ಲ.

ಬಂಡೆಯ ಸ್ವಭಾವ ಹೀಗಿದೆ. ಮೇಲಿನ ಗರಸಿನ ಪದರ ನೀರು ಹಿಡಿಯುತ್ತದೆ. ಹಿಂದೆ ಕಪಿಲೆ ಹೂಡಿ ಎತ್ತುತ್ತಿದ್ದದ್ದು ಆ ನೀರು. ಅದರ ಕೆಳಗೆ ಇರುವುದು ಬಿರುಕುಗಳಲ್ಲಿ ಸಿಕ್ಕಿದ ನೀರು ಮಾತ್ರ, ಆಳಕ್ಕೆ ಹೋದಂತೆ ಬಿರುಕುಗಳೂ ವಿರಳ. ತೆರೆದ ಬಾವಿ ಬತ್ತಿತು, 200 ಅಡಿಯ ಬೋರ್ ಬತ್ತಿತು, ಈಗ ಸಾವಿರ, ಒಂದೂವರೆ ಸಾವಿರ ಅಡಿ. ಪಾಯಿಂಟ್ ನೋಡಿಸಿ, ಪೂಜೆ ಮಾಡಿಸಿ, ಸಾಲ ಮಾಡಿ ಕೊರೆಸಿದ ಬೋರಿನಿಂದ ಧೂಳು ಮಾತ್ರ ಎದ್ದರೆ ಆ ಸಾಲ ಉಳಿಯುತ್ತದೆ, ಬೆಳೆ ಉಳಿಯುವುದಿಲ್ಲ. ಪಕ್ಕದವನು ಆಳಕ್ಕಿಳಿದರೆ ನಮ್ಮ ನೀರೂ ಇಳಿಯುತ್ತದೆ. ನಷ್ಟ ಎಲ್ಲರದು, ಬಿಲ್ಲು ಒಬ್ಬೊಬ್ಬರದು. ಕೆರೆಯ ಕಾಲದ ಬಿತ್ತುವಟದಲ್ಲಿ ನೀರು ನೋಡಿಕೊಳ್ಳುವವನಿಗೆ ಪಾಲಿತ್ತು. ಬೋರಿನ ಕಾಲದಲ್ಲಿ ಪಾಲು ಮೊದಲು ಎತ್ತಿದವನಿಗೆ.

ಕೃಷಿ ಸಂಶೋಧನೆ ಬೇರೆ ದಾರಿಯನ್ನೂ ಹುಡುಕಿತು. ಕರಾವಳಿಯ ಬೆಳೆ ಎಂದೇ ಹೆಸರಾದ ಗೋಡಂಬಿಯನ್ನು ಈ ಒಣ ಮೈದಾನಕ್ಕೆ ಒಗ್ಗಿಸುವ ಕೆಲಸ ಚಿಂತಾಮಣಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ನಡೆದು, ಚಿಂತಾಮಣಿ-1, ಚಿಂತಾಮಣಿ-2 ಎಂಬ ತಳಿಗಳು ಊರಿನ ಹೆಸರಲ್ಲೇ ಬಂದವು. ಬೇರು ಆಳಕ್ಕೆ ಬಿಟ್ಟು ಮಳೆಯಲ್ಲೇ ಬದುಕುವ ಮರ ಅದು. ಆದರೆ ಮರ ಫಲ ಕೊಡಲು ವರ್ಷಗಳು ಬೇಕು, ಗೂಡು ಒಂದು ತಿಂಗಳಿಗೆ ಬರುತ್ತದೆ. ತಳಿ ಗೆದ್ದರೂ ಲೆಕ್ಕದ ಪುಸ್ತಕದಲ್ಲಿ ಗೆಲ್ಲುವುದು ಸುಲಭವಲ್ಲ.

ಆಳಕ್ಕೆ ಕೊರೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದ ಆರ್. ಶ್ರೀನಿವಾಸನ್ ಮತ್ತು ಸಂಗಡಿಗರು ಪೂರ್ವ ಕರ್ನಾಟಕದ 73 ಹಳ್ಳಿಗಳ ಕುಡಿಯುವ ಅಂತರ್ಜಲ ಪರೀಕ್ಷಿಸಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 30 ಮೈಕ್ರೊಗ್ರಾಂ ಯುರೇನಿಯಂ. 57 ಹಳ್ಳಿಗಳ ನೀರು ಅದನ್ನು ಮೀರಿತ್ತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯ 60ರ ಮಿತಿಯನ್ನು 48 ಹಳ್ಳಿಗಳು ದಾಟಿದ್ದವು. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಅಂಕಿ ಸಾವಿರವನ್ನೂ ಮೀರಿತ್ತು.

ಯಾರೂ ಅದನ್ನು ತಂದು ಸುರಿದದ್ದಲ್ಲ. ಈ ಗ್ರಾನೈಟಿನಲ್ಲೇ ಅಲ್ಪ ಪ್ರಮಾಣದ ಯುರೇನಿಯಂ ಇದೆ. ಆಮ್ಲಜನಕ ಮತ್ತು ಬೈಕಾರ್ಬೊನೇಟ್ ಇರುವ ನೀರು ಬಿರುಕುಗಳಲ್ಲಿ ಬಹುಕಾಲ ನಿಂತರೆ ಅದನ್ನು ಕರಗಿಸಿಕೊಳ್ಳುತ್ತದೆ. ಮೇಲಿನ ನೀರು ಖಾಲಿಯಾದಂತೆ ಕೊಡಕ್ಕೆ ಬರುವುದು ಇಂಥ ಆಳದ ನೀರು. ಅದರ ಅಪಾಯ ವಿಕಿರಣಕ್ಕಿಂತ ಹೆಚ್ಚಾಗಿ ರಾಸಾಯನಿಕ. ಮೊದಲು ತಾಗುವುದು ಮೂತ್ರಪಿಂಡಕ್ಕೆ. ಗಡಿಯಾಚೆ ಸಿಡಿಯುವ ಯುರೇನಿಯಂ ಹಿಡಿಯಲು ಸರಣಿ ಹೂತ ಸೀಮೆಯ ಜನ, ಸ್ವಂತ ಬಂಡೆಯ ಯುರೇನಿಯಂ ಕುಡಿಯುತ್ತಿದ್ದಾರೆಂದು ತಿಳಿಯಲು ದಶಕಗಳೇ ಬೇಕಾದವು. ಉಪಕರಣ ಇರಲಿಲ್ಲವೆಂದಲ್ಲ, ಆ ಪ್ರಶ್ನೆ ಕೇಳಿದವರು ಕಡಿಮೆ.

ಈಗ ಸರ್ಕಾರ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಪೈಪಿನಲ್ಲಿ ತಂದು ಕೆರೆಗಳಿಗೆ ಬಿಡುತ್ತಿದೆ. ಹೆಬ್ಬಾಳ–ನಾಗವಾರ ಕಣಿವೆಯದು ಚಿಕ್ಕಬಳ್ಳಾಪುರದ ಕಡೆಗೆ, ಕೋರಮಂಗಲ–ಚಲ್ಲಘಟ್ಟ ಕಣಿವೆಯದು ಕೋಲಾರಕ್ಕೆ, ಚಿಂತಾಮಣಿಯ ಕೆಲವು ಕೆರೆಗಳಿಗೆ. ಹೊರಗಿನ ನೀರನ್ನು ಕೆರೆಗೆ ತಿರುಗಿಸುವುದು ಸಿಂಗಯ ಭಟ್ಟನಿಗೂ ಗೊತ್ತಿದ್ದ ಕೆಲಸ. ನೀರಿನ ಗುಣ ಸಾಕೇ, ಅದು ಯಾವ ಬಿರುಕಿಗೆ ಇಳಿಯುತ್ತದೆ, ಎಷ್ಟು ವರ್ಷಕ್ಕೆ ಬೋರಿಗೆ ಬರುತ್ತದೆ, ಬಂದಾಗ ಯುರೇನಿಯಂ ತೆಳುವಾಗುತ್ತದೋ ಇನ್ನಷ್ಟು ಕರಗುತ್ತದೋ, ಇವು ಹೊಸ ಪ್ರಶ್ನೆಗಳು. ಒಂದು ಶಾಸ್ತ್ರ ಒಂಟಿಯಾಗಿ ಇವಕ್ಕೆ ಉತ್ತರಿಸಲಾರದು. ಕೆರೆಗಳ ಜಾಲ ಎಲ್ಲಿತ್ತು ಎಂದು ಶಾಸನಗಳು ಹೇಳಬೇಕು, ಬಂಡೆಯ ಬಿರುಕು ಯಾವ ಕಡೆಗಿದೆ ಎಂದು ಭೂಭೌತವಿಜ್ಞಾನಿ ಹೇಳಬೇಕು, ನೀರಿಗೆ ಬದಲಾಗಿ ರೈತನ ಕೈಗೆ ತಿಂಗಳಿಗೆ ಏನು ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಹೇಳಬೇಕು.

ಇದಕ್ಕೆ ಬೇಕಾದ ಮಾಹಿತಿಯ ದೊಡ್ಡ ಭಂಡಾರ ಈಗಾಗಲೇ ಊರುಗಳಲ್ಲಿದೆ. ಕೊರೆದ ಒಂದೊಂದು ಬೋರೂ ಒಂದು ಅಳತೆ: ಎಷ್ಟು ಅಡಿಗೆ ಗರಸು ಮುಗಿಯಿತು, ಎಷ್ಟು ಅಡಿಗೆ ತೇವ ಕಂಡಿತು, ಎಷ್ಟು ಇಂಚು ನೀರು ಬಂತು, ಯಾವ ವರ್ಷ ನಿಂತಿತು. ರಿಗ್ಗಿನವರಿಗೆ ಅದು ಗೊತ್ತು, ಹಣ ಕೊಟ್ಟ ಮನೆಯವರಿಗೆ ಅಡಿ ಅಡಿಯೂ ಬಾಯಿಪಾಠ. ಬತ್ತಿದ ಬೋರಿನ ಲೆಕ್ಕವನ್ನೂ ಸೇರಿಸಿ ತಾಲ್ಲೂಕುವಾರು ಬರೆದಿಟ್ಟರೆ ಸಾಕು, ಈ ನೆಲದ ಮುಂದಿನ ಶೋಧಕ್ಕೆ ಅದೇ ಮೊದಲ ಸಂಪುಟ. ಅದರ ಖರ್ಚನ್ನು ರೈತರು ಆಗಲೇ ಕಟ್ಟಿಯಾಗಿದೆ.